ಹೊಸ ಆಟಗಾರನ ಬೆಲೆ ಕಟ್ಟುವ ಬಗೆ

ನಮ್ಮಲ್ಲಿ ಹೆಚ್ಚಿನವರು ಆಡಿಲ್ಲದ, ನೋಡಿಯೂ ಇಲ್ಲದ ಒಂದು ಆಟದ ವಿಷಯವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅದು ಅಮೆರಿಕದ ಫುಟ್‌ಬಾಲ್. ಹೆಸರಿನಲ್ಲಿ ಕಾಲಿದ್ದರೂ ಆ ಆಟದಲ್ಲಿ ಕೈಗೇ ಕೆಲಸ ಹೆಚ್ಚು. ನನಗೆ ಇದರ ಗೀಳು ಅಂಟಿಸಿದವನು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಸಮೀಪ ನೆಲೆಸಿರುವ ನನ್ನ ಅಕ್ಕನ ಮಗ. 2019ರ ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ, ಕಾಫಿ ಇನ್ನೂ ಒಲೆಯ ಮೇಲಿತ್ತು, ಅವನ ಫೋನು ಬಂತು. “ಮಾಮ, ನಮ್ಮ ಟೀಮು ಮತ್ತೆ ಹಳ್ಳಕ್ಕೆ ಬಿತ್ತು. ನಾಲ್ಕನೇ ಸರದಿಯಲ್ಲಿ ಯಾರನ್ನು ತಗೊಂಡಿದ್ದಾರೆ ನೋಡಿ!” ಎಂದ. ಅವನು ಹೀಗೆ ಹಳಿಯುತ್ತಿದ್ದ ಹುಡುಗ ವೃತ್ತಿಪರ ಆಟದಲ್ಲಿ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಅದೇ ವರ್ಷದ ಕೊನೆಗೆ ಮತ್ತೆ ಫೋನು. “ನಾನು ಹೇಳಿರಲಿಲ್ವಾ ಮಾಮ? ವರ್ಷವಿಡೀ ಆಡಿ ನಾಲ್ಕೂವರೆ! ಬರೀ ನಾಲ್ಕೂವರೆ!” ನಾನು ಓದಿದ್ದು ಬಿ.ಎಸ್ಸಿ., ಹೊಟ್ಟೆಪಾಡಿಗೆ ಹಿಡಿದದ್ದು ಟೆಲಿವಿಷನ್ ಕೆಲಸ. ಹಳೆಯ ಅಭ್ಯಾಸ ಬಿಡಲಿಲ್ಲ, “ಎಷ್ಟು ಪ್ರಯತ್ನಗಳಲ್ಲಿ ನಾಲ್ಕೂವರೆ?” ಎಂದು ಕೇಳಿದೆ. ಆ ಕಡೆಯಿಂದ ಉತ್ತರವಿಲ್ಲ. ಇಂದಿನ ಮಾತು ಹುಟ್ಟಿದ್ದು ಆ ಮೌನದಿಂದ.

ಆಟದ ಸಂಗತಿಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ತಂಡದ ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡು ಹಿಡಿದು, ನಾಲ್ಕು ಹೆಜ್ಜೆ ಹಿಂದೆ ಸರಿದು, ಮುಂದೆ ಓಡುತ್ತಿರುವ ಜೊತೆಗಾರನಿಗೆ ಎಸೆಯುತ್ತಾನೆ. ಇದಕ್ಕೆ ಅವನಿಗೆ ಸಿಗುವ ಕಾಲ ಸುಮಾರು ಎರಡೂವರೆ ಸೆಕೆಂಡು. ಅವನನ್ನು ಕಾಯಲು ಐದು ಮಂದಿ ಭಾರೀ ಆಳುಗಳು ಗೋಡೆಯಂತೆ ನಿಂತಿರುತ್ತಾರೆ. ಆ ಗೋಡೆಯ ಅಂಚನ್ನು ಬಳಸಿಯೋ ಮಧ್ಯದಲ್ಲಿ ಭೇದಿಸಿಯೋ ಒಳನುಗ್ಗಿ, ಎಸೆಯುವವನನ್ನು ಹಿಡಿಯುವುದೇ ಕಸುಬಾಗಿರುವ ಎದುರು ತಂಡದ ಆಟಗಾರ ‘ಪಾಸ್ ರಷರ್’. ಚೆಂಡು ಕೈಬಿಡುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವಿದರೆ ಅದಕ್ಕೆ ‘ಸ್ಯಾಕ್’ ಎಂದು ಹೆಸರು. ಇಬ್ಬರು ಸೇರಿ ಕೆಡವಿದರೆ ತಲಾ ಅರ್ಧ. ನಾಲ್ಕೂವರೆಯಲ್ಲಿನ ಅರ್ಧ ಬಂದದ್ದು ಹೀಗೆ.

ಈ ಲೆಕ್ಕವನ್ನು ಲೀಗ್ ಅಧಿಕೃತವಾಗಿ ಇಡತೊಡಗಿದ್ದು 1982ರಲ್ಲಿ. ಇದರಲ್ಲೊಂದು ಸ್ವಾರಸ್ಯವಿದೆ. ಈ ಕಸುಬಿನ ಮಹಾರಥಿ ಎನಿಸಿದ ನ್ಯೂಯಾರ್ಕ್ ಜೈಂಟ್ಸ್ ತಂಡದ ಲಾರೆನ್ಸ್ ಟೇಲರ್ ಮೊದಲು ಕಣಕ್ಕಿಳಿದದ್ದು 1981ರಲ್ಲಿ. ಆ ವರ್ಷ ಆತ ಹೊಸಬರಲ್ಲಿ ಮಾತ್ರವಲ್ಲ, ಇಡೀ ಲೀಗಿನ ರಕ್ಷಣಾ ಆಟಗಾರರಲ್ಲೇ ಶ್ರೇಷ್ಠನೆಂಬ ಪ್ರಶಸ್ತಿ ಪಡೆದ. ಆದರೆ ಅಧಿಕೃತ ಪಟ್ಟಿ ತೆರೆದು ನೋಡಿದರೆ ಆ ವರ್ಷದ ಅವನ ಸ್ಯಾಕ್ ಒಂದೂ ಸಿಗದು. ಲೆಕ್ಕದ ಪುಸ್ತಕವನ್ನೇ ಇನ್ನೂ ಹೊಲಿದಿರಲಿಲ್ಲ!

ಇನ್ನು ಡ್ರಾಫ್ಟ್. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಲೀಗಿನ ಮೂವತ್ತೆರಡು ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತೀರಾ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದು ಬೀಗಿದವರಿಗೆ ಕೊನೆಯದು. ಹೀಗೆ ಏಳು ಸುತ್ತು. ನಮ್ಮ ಕ್ರಿಕೆಟ್ಟಿನ ಹರಾಜಿನಂತೆ ಇಲ್ಲಿ ಕೂಗಾಟವಿಲ್ಲ. ಆದರೆ ಬೆಲೆ ಇಲ್ಲವೆಂದು ತಿಳಿಯಬೇಡಿ. ಸರದಿಯೇ ಬೆಲೆ. ನಾಲ್ಕನೆಯವನಾಗಿ ಒಬ್ಬನನ್ನು ಆರಿಸಿಕೊಂಡೆವೆಂದರೆ, ಅವನ ಹಿಂದಿರುವ ಅಷ್ಟೂ ಮಂದಿಯನ್ನು ಬಿಟ್ಟುಕೊಟ್ಟೆವೆಂದೇ ಅರ್ಥ.

ಈಗ ನನ್ನ ಸೋದರಳಿಯನ ತಂಡಕ್ಕೆ ಬರೋಣ. ಆಗ ಓಕ್‌ಲ್ಯಾಂಡಿನಲ್ಲಿದ್ದ, 2020ರಲ್ಲಿ ಲಾಸ್ ವೇಗಸ್ಸಿಗೆ ಬಿಡಾರ ಬದಲಿಸಿದ ರೈಡರ್ಸ್. ಈ ತಂಡದಲ್ಲಿ ಖಲೀಲ್ ಮ್ಯಾಕ್ ಎಂಬ ಉತ್ಕೃಷ್ಟ ಪಾಸ್ ರಷರ್ ಇದ್ದ. ಸಂಬಳದ ಮಾತು ಕುದುರದೆ 2018ರ ಸೆಪ್ಟೆಂಬರಿನಲ್ಲಿ ಅವನನ್ನು ಶಿಕಾಗೋ ತಂಡಕ್ಕೆ ಬಿಟ್ಟುಕೊಟ್ಟರು. ಬದಲಿಗೆ ಮುಖ್ಯವಾಗಿ ಎರಡು ಮೊದಲ ಸುತ್ತಿನ ಸರದಿಗಳನ್ನು ಪಡೆದರು. ಶಿಕಾಗೋ ಮ್ಯಾಕ್‌ಗೆ ಕೊಟ್ಟದ್ದು ಆರು ವರ್ಷಕ್ಕೆ 14 ಕೋಟಿ 10 ಲಕ್ಷ ಡಾಲರುಗಳ ಕರಾರು. ಆ ವರ್ಷ ಮ್ಯಾಕ್ ಒಬ್ಬನೇ ಹನ್ನೆರಡೂವರೆ ಸ್ಯಾಕ್ ಗಳಿಸಿದ. ಅವನನ್ನು ಕಳೆದುಕೊಂಡ ರೈಡರ್ಸ್‌ನ ಇಡೀ ತಂಡ ಸೇರಿ ಗಳಿಸಿದ್ದು ಹದಿಮೂರು. ಲೀಗಿನಲ್ಲೇ ಅತಿ ಕಡಿಮೆ. ಹದಿನಾರು ಪಂದ್ಯಗಳಲ್ಲಿ ಹನ್ನೆರಡನ್ನು ಸೋತರು.

ಹೀಗೆ ಬರಿದಾದ ಜಾಗವನ್ನು ತುಂಬಲು 2019ರ ಡ್ರಾಫ್ಟಿನಲ್ಲಿ ಅವರು ನಾಲ್ಕನೆಯ ಸರದಿಯಲ್ಲಿ ಆರಿಸಿದವನು ಕ್ಲೆಮ್ಸನ್ ವಿಶ್ವವಿದ್ಯಾಲಯದ ಕ್ಲೀಲಿನ್ ಫೆರೆಲ್. ಅಷ್ಟರಲ್ಲೇ ಸುಮ್ಮನಾಗದೆ ನಾಲ್ಕನೆಯ ಸುತ್ತಿನಲ್ಲಿ, 106ನೆಯವನಾಗಿ, ಈಸ್ಟರ್ನ್ ಮಿಷಿಗನ್ ಎಂಬ, ಈ ಆಟದಲ್ಲಿ ದೊಡ್ಡ ಹೆಸರಿಲ್ಲದ ವಿಶ್ವವಿದ್ಯಾಲಯದ ಮ್ಯಾಕ್ಸ್ ಕ್ರಾಸ್ಬಿ ಎಂಬುವನನ್ನೂ ತೆಗೆದುಕೊಂಡರು. ಒಂದೇ ತಂಡ, ಒಂದೇ ವರ್ಷ, ಒಂದೇ ಕಸುಬು, ಒಬ್ಬರೇ ತರಬೇತುದಾರರು. ಪ್ರಯೋಗಶಾಲೆಯಲ್ಲಿ ಬೇಕೆಂದು ಹೂಡಿದ ಪ್ರಯೋಗದ ಹಾಗಿದೆಯಲ್ಲವೆ? ವರ್ಷ ಮುಗಿದಾಗ ಕ್ರಾಸ್ಬಿ ಹತ್ತು, ಫೆರೆಲ್ ನಾಲ್ಕೂವರೆ.

ಇಷ್ಟಕ್ಕೇ ತೀರ್ಪು ಬರೆದುಬಿಡಬಹುದೆ?

ನಾನು ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಒಂದು ಗೈಗರ್ ಕೌಂಟರ್ ಇತ್ತು. ವಿಕಿರಣ ಸೂಸುವ ಒಂದು ಚೂರನ್ನು ಅದರೆದುರು ಇಟ್ಟು, ನಿಮಿಷಕ್ಕೆ ಎಷ್ಟು ಸಲ ಟಿಕ್ ಎನ್ನುತ್ತದೆಂದು ಎಣಿಸಬೇಕು. ಮೊದಲ ನಿಮಿಷ ಹತ್ತು ಬಂದರೆ ಮರುನಿಮಿಷ ಏಳು, ಆಮೇಲೆ ಹದಿಮೂರು. ಚೂರು ಅದೇ, ಯಂತ್ರ ಅದೇ. ಮೊದಲ ದಿನ ನಾವೆಲ್ಲ ಯಂತ್ರ ಕೆಟ್ಟಿದೆಯೆಂದೇ ತಿಳಿದಿದ್ದೆವು. ನಮ್ಮ ಮೇಷ್ಟ್ರು ನಗುತ್ತ ಹೇಳಿಕೊಟ್ಟರು: ಯಾವಾಗಲೋ ಒಮ್ಮೆ ಘಟಿಸುವುದನ್ನು ಎಣಿಸುವಾಗ, ಎಣಿಕೆಯ ವರ್ಗಮೂಲದಷ್ಟು ಅತ್ತಿತ್ತ ಆಗುವುದು ಸಹಜ. ಹತ್ತು ಎಂದರೆ ಹತ್ತೇ ಅಲ್ಲ, ಸುಮಾರು ಏಳರಿಂದ ಹದಿಮೂರು. ನೂರು ಎಣಿಸಿದ್ದರೆ ತೊಂಬತ್ತರಿಂದ ನೂರಹತ್ತು. ಎಣಿಕೆ ಹೆಚ್ಚಿದಷ್ಟೂ ಅನುಮಾನದ ಪಾಲು ಕುಗ್ಗುತ್ತದೆ.

ಸ್ಯಾಕ್ ಕೂಡ ಇಂಥದೇ ಅಪರೂಪದ ಘಟನೆ. ಮುಖ್ಯ ಪಾಸ್ ರಷರ್ ಒಬ್ಬ ವರ್ಷದಲ್ಲಿ ನಾಲ್ಕುನೂರರ ಆಸುಪಾಸು ಸಲ ಎಸೆಯುವವನತ್ತ ನುಗ್ಗುತ್ತಾನೆ ಎನ್ನಿ. ಹತ್ತು ಸ್ಯಾಕ್ ಎಂದರೆ ನಲವತ್ತು ಸಲಕ್ಕೊಮ್ಮೆ ಮಾತ್ರ ಫಲ. ಹಾಗಾದರೆ ಕ್ರಾಸ್ಬಿಯ ಹತ್ತಕ್ಕೆ ಮೂರು ಅತ್ತಿತ್ತ, ಫೆರೆಲ್‌ನ ನಾಲ್ಕೂವರೆಗೆ ಎರಡು ಅತ್ತಿತ್ತ. ಇಬ್ಬರ ನಡುವಿನ ಅಂತರ ಐದೂವರೆ. ಆ ಅಂತರದಲ್ಲಿರುವ ಅನಿಶ್ಚಿತತೆ ಹೆಚ್ಚುಕಡಿಮೆ ನಾಲ್ಕು. ಪ್ರಯೋಗಶಾಲೆಯಲ್ಲಿ ಇಷ್ಟನ್ನು ಹಿಡಿದುಕೊಂಡು ಹೋಗಿದ್ದರೆ ಮೇಷ್ಟ್ರು “ಇನ್ನೊಂದಷ್ಟು ಹೊತ್ತು ಎಣಿಸಿ ಬನ್ನಿ” ಎಂದು ವಾಪಸು ಕಳಿಸುತ್ತಿದ್ದರು. ಇನ್ನೂ ಒಂದು ಮಾತು. ಆ ವರ್ಷದ ನವೆಂಬರ್ ತಿಂಗಳ ಒಂದೇ ಪಂದ್ಯದಲ್ಲಿ ಕ್ರಾಸ್ಬಿ ನಾಲ್ಕು ಸ್ಯಾಕ್ ಗಳಿಸಿದ. ಅದೇ ತಿಂಗಳ ಇನ್ನೊಂದು ಪಂದ್ಯದಲ್ಲಿ ಫೆರೆಲ್ ಎರಡೂವರೆ. ಅಂದರೆ ಫೆರೆಲ್‌ನ ವರ್ಷದ ಗಳಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ರಾತ್ರಿಯದು. ಆ ರಾತ್ರಿ ಜ್ವರ ಬಂದು ಮಲಗಿದ್ದರೆ?

ಖಲೀಲ್ ಮ್ಯಾಕ್‌ನನ್ನೇ ತೆಗೆದುಕೊಳ್ಳಿ. 2014ರಲ್ಲಿ ಇದೇ ರೈಡರ್ಸ್ ಅವನನ್ನು ಐದನೆಯ ಸರದಿಯಲ್ಲಿ ಆರಿಸಿತ್ತು. ಮೊದಲ ವರ್ಷ ಅವನ ಸ್ಯಾಕ್ ಎಷ್ಟು ಗೊತ್ತೆ? ನಾಲ್ಕು. ಫೆರೆಲ್‌ಗಿಂತ ಅರ್ಧ ಕಡಿಮೆ! ಮರುವರ್ಷ ಹದಿನೈದು. ಅದರ ಮರುವರ್ಷ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನ ಪ್ರಶಸ್ತಿ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. 1999ರಲ್ಲಿ ಟೆನೆಸಿ ತಂಡದ ಜೆವಾನ್ ಕರ್ಸ್ ಮೊದಲ ವರ್ಷದಲ್ಲೇ ಹದಿನಾಲ್ಕೂವರೆ ಸ್ಯಾಕ್ ಗಳಿಸಿ ಹೊಸಬರ ದಾಖಲೆ ಸ್ಥಾಪಿಸಿದ. ಒಳ್ಳೆಯ ಆಟಗಾರನೇ, ಆದರೆ ಆಮೇಲಿನ ಯಾವ ವರ್ಷದಲ್ಲೂ ಆ ಎತ್ತರವನ್ನು ಮತ್ತೆ ಮುಟ್ಟಲಿಲ್ಲ.

ಹಾಗಾದರೆ ನೋಡಬೇಕಾದದ್ದು ಯಾವುದನ್ನು? ಇಲ್ಲಿ ನನ್ನ ಕಸುಬಿನ ಒಂದು ಪಾಪವನ್ನು ಒಪ್ಪಿಕೊಳ್ಳಬೇಕಾಗಿದೆ. ಹಿಂದೊಮ್ಮೆ ನಾನು ಒಂದು ಕಬಡ್ಡಿ ಪಂದ್ಯಾವಳಿಯ ನೇರಪ್ರಸಾರ ನಿರ್ಮಿಸುತ್ತಿದ್ದೆ. ಮೂರು ಕ್ಯಾಮೆರಾಗಳನ್ನೂ ದಾಳಿಗಾರನ ಬೆನ್ನಿಗೇ ಬಿಟ್ಟಿದ್ದೆ. ಪಂದ್ಯ ಮುಗಿದ ಮೇಲೆ ವಯಸ್ಸಾದ ತರಬೇತುದಾರರೊಬ್ಬರು ಬಂದು, “ಸಾರ್, ಮೂಲೆಯಲ್ಲಿದ್ದ ನಮ್ಮ ಹುಡುಗ ಇಡೀ ಆಟ ದಾಳಿಗಾರನನ್ನು ತನ್ನ ಕಡೆ ಬರಗೊಡಲೇ ಇಲ್ಲ. ಅವನು ನಿಮ್ಮ ಚಿತ್ರದಲ್ಲಿ ಒಂದೇ ಒಂದು ಸಲ ಬಂದ, ಅದೂ ತಪ್ಪು ಮಾಡಿದಾಗ” ಎಂದರು. ನನಗೆ ಮುಖ ಎತ್ತಲಾಗಲಿಲ್ಲ.

ಅಮೆರಿಕದ ಫುಟ್‌ಬಾಲಿನ ಪ್ರಸಾರವೂ ಹಾಗೆಯೇ ಚೆಂಡಿನ ಹಿಂದೆ ಓಡುತ್ತದೆ. ಪಾಸ್ ರಷರ್ ತನ್ನೆದುರಿನವನನ್ನು ಎರಡು ಸೆಕೆಂಡಿನಲ್ಲಿ ದಾಟಿ, ಕೈ ಚಾಚುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ. ಕ್ಯಾಮೆರಾ ಚೆಂಡಿನ ಜೊತೆ ಹಾರುತ್ತದೆ. ಅವನು ಮಾಡಿದ ಕೆಲಸ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಆ ಒತ್ತಡಕ್ಕೆ ಬೆದರಿ ಎಸೆತ ತಪ್ಪಿದರೆ ಹೆಸರು ಬೇರೆಯವನಿಗೆ. ತರಬೇತುದಾರರು ನೋಡುವುದು ಈ ಪ್ರಸಾರವನ್ನಲ್ಲ. ಇಪ್ಪತ್ತೆರಡು ಮಂದಿಯೂ ಕಾಣುವಂತೆ ಎತ್ತರದಿಂದ ತೆಗೆದ ಚಿತ್ರವನ್ನು. 2012ರಿಂದ ಅದು ದುಡ್ಡು ಕೊಟ್ಟರೆ ಸಾಮಾನ್ಯ ಪ್ರೇಕ್ಷಕರಿಗೂ ಸಿಗತೊಡಗಿತು. ಅದನ್ನು ನೋಡಿ ಎಣಿಸುವವರು ಸ್ಯಾಕನ್ನು ಮಾತ್ರ ಎಣಿಸುವುದಿಲ್ಲ. ಎಷ್ಟು ಸಲ ಎಸೆಯುವವನನ್ನು ಅವಸರಪಡಿಸಿದ, ಎಷ್ಟು ಸಲ ಎಸೆದ ಮೇಲಾದರೂ ಬಡಿದ, ಎದುರಿನವನು ಒಬ್ಬನೇ ಇದ್ದನೋ ಇಬ್ಬರಿದ್ದರೋ, ತಾನೇ ದಾರಿ ಮಾಡಿಕೊಂಡನೋ ಇಲ್ಲವೆ ಬೇರೆಯವನು ಅಟ್ಟಿದ ಬೇಟೆ ತನ್ನ ಮಡಿಲಿಗೆ ಬಿತ್ತೋ, ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತಾರೆ. ಗೈಗರ್ ಕೌಂಟರಿನ ಮಾತಿನಲ್ಲಿ ಹೇಳುವುದಾದರೆ, ವರ್ಷಕ್ಕೆ ಹತ್ತು ಟಿಕ್ ಇದ್ದಲ್ಲಿ ಐವತ್ತು ಅರವತ್ತು ಟಿಕ್ ಸಿಗುತ್ತದೆ. ಅನುಮಾನ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

ಈ ತಿಳಿವಳಿಕೆ ಬೇರೂರಿದ್ದಕ್ಕೆ ಒಂದು ಪುರಾವೆ ಇದೆ. 2024ರ ಋತುವಿನ ಶ್ರೇಷ್ಠ ಹೊಸ ರಕ್ಷಣಾ ಆಟಗಾರನೆಂಬ ಪ್ರಶಸ್ತಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಜೇರೆಡ್ ವರ್ಸ್‌ಗೆ ಸಂದಿತು. ಹತ್ತೊಂಬತ್ತನೆಯ ಸರದಿಯಲ್ಲಿ ಬಂದ ಹುಡುಗ. ಅವನ ಸ್ಯಾಕ್ ಎಷ್ಟು? ನಾಲ್ಕೂವರೆ. 2019ರಲ್ಲಿ ನನ್ನ ಸೋದರಳಿಯ ಫೋನಿನಲ್ಲಿ ಉಗುಳಿದ ಅದೇ ನಾಲ್ಕೂವರೆ! ಆದರೆ ಕ್ವಾರ್ಟರ್‌ಬ್ಯಾಕ್‌ಗಳ ಮೇಲೆ ಅವನು ಹೇರಿದ ಒತ್ತಡವನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು.

ಇನ್ನು ಆರಿಸುವ ಮುನ್ನ ತೂಗಿ ನೋಡುವ ಮಾತು. ಪ್ರತಿ ವರ್ಷ ಹುಡುಗರನ್ನು ಒಂದೆಡೆ ಸೇರಿಸಿ ಓಡಿಸುತ್ತಾರೆ, ಹಾರಿಸುತ್ತಾರೆ, ಭಾರ ಎತ್ತಿಸುತ್ತಾರೆ. 2008ರಲ್ಲಿ ವರ್ನನ್ ಗೋಲ್‌ಸ್ಟನ್ ಎಂಬಾತ ಈ ಪರೀಕ್ಷೆಗಳಲ್ಲಿ ಎಲ್ಲರ ಕಣ್ಣು ಕುಕ್ಕಿದ. ಶಿಲ್ಪಿ ಕಡೆದಂಥ ಮೈಕಟ್ಟು. ನ್ಯೂಯಾರ್ಕ್ ಜೆಟ್ಸ್ ಆರನೆಯ ಸರದಿಯಲ್ಲಿ ಅವನನ್ನು ತೆಗೆದುಕೊಂಡಿತು. ಮೂರು ವರ್ಷ, ನಲವತ್ತೈದು ಪಂದ್ಯ. ಒಂದೇ ಒಂದು ಸ್ಯಾಕ್ ಇಲ್ಲ. ಇಂಥ ಸೊನ್ನೆಗೆ ವರ್ಗಮೂಲದ ರಿಯಾಯಿತಿಯೂ ಇಲ್ಲ. ಹಾಗೆಂದು ಪರೀಕ್ಷೆಗಳೆಲ್ಲ ವ್ಯರ್ಥವೆನ್ನಲಾರೆ. ಮೂರು ಕಂಬಗಳ ಸುತ್ತ ತಿರುಗಿ ಓಡುವ ಒಂದು ಪರೀಕ್ಷೆಯಿದೆ. ಅದನ್ನು ಕ್ರಾಸ್ಬಿ ಏಳು ಸೆಕೆಂಡಿನೊಳಗೆ ಮುಗಿಸಿದ್ದ. ಅಂಚನ್ನು ಬಳಸಿ ಬಾಗಿ ನುಗ್ಗುವವನಿಗೆ ಬೇಕಾದದ್ದು ಅದೇ. ಚಿಕ್ಕ ವಿಶ್ವವಿದ್ಯಾಲಯ, ಸಪೂರ ಮೈ ಎಂದು ಹಿಂದಕ್ಕೆ ತಳ್ಳಿದವರು ಆ ಅಂಕಿಗೆ ಸಾಕಷ್ಟು ಬೆಲೆ ಕೊಡಲಿಲ್ಲ.

ಫೆರೆಲ್‌ನ ಕಾಲೇಜಿನ ಅಂಕಿಗಳಲ್ಲಿ ಬೇರೆಯದೇ ತೊಡಕಿತ್ತು. 2018ರಲ್ಲಿ ಕ್ಲೆಮ್ಸನ್ ರಾಷ್ಟ್ರದ ಚಾಂಪಿಯನ್. ಆ ತಂಡದ ಮುಂಚೂಣಿಯಲ್ಲಿದ್ದ ನಾಲ್ವರಲ್ಲಿ ಮೂವರು ಮೊದಲ ಸುತ್ತಿನಲ್ಲೇ ಆಯ್ಕೆಯಾದರು: ಫೆರೆಲ್, ಕ್ರಿಶ್ಚಿಯನ್ ವಿಲ್ಕಿನ್ಸ್, ಡೆಕ್ಸ್ಟರ್ ಲಾರೆನ್ಸ್. ಅಂಥ ಪಕ್ಕದವರಿದ್ದಾಗ ಎದುರಾಳಿ ಯಾರನ್ನೆಂದು ಇಬ್ಬಿಬ್ಬರು ಸೇರಿ ತಡೆಯಬೇಕು? ನಾಲ್ಕು ಬಲ್ಬು ಹಚ್ಚಿದ ಕೋಣೆಯಲ್ಲಿ ಒಂದು ಬಲ್ಬಿನ ಬೆಳಕು ಎಷ್ಟೆಂದು ಹೇಳುವುದು ಕಷ್ಟ. ಉಳಿದವನ್ನು ಆರಿಸಿ ನೋಡಬೇಕು. ಹದಿಮೂರೇ ಸ್ಯಾಕ್ ಗಳಿಸಿದ್ದ ರೈಡರ್ಸ್‌ಗೆ ಬಂದಾಗ ಉಳಿದ ಬಲ್ಬುಗಳು ಆರಿದ್ದವು.

ಬೆಲೆಯ ವಿಚಾರಕ್ಕೆ ಬಂದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. 1990ರ ದಶಕದ ಆರಂಭದಲ್ಲಿ ಜಿಮ್ಮಿ ಜಾನ್ಸನ್ ತರಬೇತುದಾರರಾಗಿದ್ದ ಡಲಾಸ್ ಕೌಬಾಯ್ಸ್ ತಂಡದವರು ಸರದಿಗಳಿಗೆ ಅಂಕ ಕಟ್ಟಿದ ಒಂದು ಪಟ್ಟಿ ಮಾಡಿಕೊಂಡರು. ಮೊದಲ ಸರದಿಗೆ 3000 ಅಂಕ, ನಾಲ್ಕನೆಯದಕ್ಕೆ 1800. 106ನೆಯದಕ್ಕೆ ಬಂದರೆ ಎಂಬತ್ತರ ಆಸುಪಾಸು. ಅಂದರೆ ಒಬ್ಬ ಫೆರೆಲ್‌ಗೆ ಇಪ್ಪತ್ತೆರಡು ಕ್ರಾಸ್ಬಿಗಳು ಸಮ! ಕೂಲಿಯಲ್ಲೂ ಅಂತರ ಕಡಿಮೆಯಿಲ್ಲ. 2011ರಿಂದ ಹೊಸಬರ ಸಂಬಳಕ್ಕೆ ಸರದಿಯನ್ನನುಸರಿಸಿ ಕಟ್ಟುಪಾಡಿದೆ. ಅದರಂತೆ ಫೆರೆಲ್‌ಗೆ ನಾಲ್ಕು ವರ್ಷಕ್ಕೆ ಮೂರು ಕೋಟಿ ಡಾಲರ್ ಮೀರಿತು, ಕ್ರಾಸ್ಬಿಗೆ ಮೂವತ್ತು ಲಕ್ಷ ಚಿಲ್ಲರೆ. 2019ರಲ್ಲಿ ಒಂದು ತಂಡ ಆಟಗಾರರಿಗೆ ಖರ್ಚು ಮಾಡಬಹುದಾಗಿದ್ದ ಒಟ್ಟು ಮೊತ್ತ 18 ಕೋಟಿ 82 ಲಕ್ಷ. ಮ್ಯಾಕ್‌ನಂಥವನಿಗೆ ಅದರ ಎಂಟನೆಯ ಒಂದು ಪಾಲು ಬೇಕು. ಕ್ರಾಸ್ಬಿಗೆ ಬೇಕಾದದ್ದು ನೂರಕ್ಕೆ ಅರ್ಧ ಪಾಲೂ ಅಲ್ಲ. ಹೊಸ ಪಾಸ್ ರಷರ್‌ಗಾಗಿ ತಂಡಗಳು ಹಾತೊರೆಯುವುದು ಇದಕ್ಕೇ: ಚೆನ್ನಾಗಿ ಆಡಿದರೆ ನಾಲ್ಕು ವರ್ಷ ಅಗ್ಗದಲ್ಲಿ ಸಿಕ್ಕ ಹಾಗೆ.

ಕೇಡ್ ಮ್ಯಾಸಿ ಮತ್ತು ಮುಂದೆ ನೊಬೆಲ್ ಪುರಸ್ಕೃತರಾದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಪೇಟೆಯನ್ನು ಅಧ್ಯಯನ ಮಾಡಿ, ಮುಂಚಿನ ಸರದಿಗಳಿಗೆ ತಂಡಗಳು ಅತಿಯಾದ ಬೆಲೆ ಕೊಡುತ್ತವೆಂದು ತೋರಿಸಿದರು. ಒಂದೇ ಸ್ಥಾನದಲ್ಲಿ ಆಡುವ ಇಬ್ಬರನ್ನು ಒಬ್ಬರ ಬೆನ್ನಿಗೊಬ್ಬರು ಆರಿಸಿದಾಗ, ಮೊದಲು ಆಯ್ಕೆಯಾದವನೇ ಮುಂದೆ ಮೇಲಾಗುವ ಸಂಭವ ನೂರಕ್ಕೆ ಐವತ್ತೆರಡು ಐವತ್ತಮೂರು ಮಾತ್ರವಂತೆ. ನಾಣ್ಯ ಚಿಮ್ಮಿದ್ದಕ್ಕಿಂತ ಹೆಚ್ಚೇನಲ್ಲ. ನನಗೆ ವಿಚಿತ್ರವೆನಿಸುವುದು ಇನ್ನೊಂದು. ಆಗ ರೈಡರ್ಸ್‌ನ ಆಯ್ಕೆಯ ಹೊಣೆ ಹೊತ್ತಿದ್ದ ಮೈಕ್ ಮೇಯಾಕ್ ಅದಕ್ಕೂ ಮುನ್ನ ಟೆಲಿವಿಷನ್ನಿನಲ್ಲಿ ಡ್ರಾಫ್ಟ್ ವಿಶ್ಲೇಷಕರಾಗಿ ಹೆಸರಾದವರು. ತರಬೇತುದಾರ ಜಾನ್ ಗ್ರೂಡೆನ್ ಕೂಡ ವೀಕ್ಷಕ ವಿವರಣೆ ಬಿಟ್ಟು ಬಂದವರು. ನಮ್ಮ ಕಸುಬಿನವರ ಕೈಗೆ ತಂಡ ಕೊಟ್ಟರೆ ಏನಾಗುತ್ತದೆಂದು ನಗಬೇಡಿ. 106ನೆಯ ಸರದಿಯಲ್ಲಿ ಕ್ರಾಸ್ಬಿಯನ್ನು ಹೆಕ್ಕಿದ್ದೂ ಅವರೇ!

ಮೇಷ್ಟ್ರು ಹೇಳಿದಂತೆ ಇನ್ನಷ್ಟು ಎಣಿಸಿದ್ದಾಯಿತು. ನಾಲ್ಕು ವರ್ಷ ಕಳೆದಾಗ ಕ್ರಾಸ್ಬಿಯದು ಮೂವತ್ತೇಳೂವರೆ, ಫೆರೆಲ್‌ನದು ಹತ್ತು. ಅಂತರ ಇಪ್ಪತ್ತೇಳೂವರೆ, ಅದರ ಅನಿಶ್ಚಿತತೆ ಏಳು. ಈಗ ಅನುಮಾನಕ್ಕೆ ಎಡೆಯಿಲ್ಲ. ಆ ನಂತರದ ವರ್ಷಗಳಲ್ಲಿ ಫೆರೆಲ್‌ಗೆ ಕಣಕ್ಕಿಳಿಯುವ ಅವಕಾಶವೂ ಕಡಿಮೆಯಾಗಿತ್ತು, ಅದೂ ನಿಜ. ಅವಕಾಶ ಕಡಿಮೆಯಾದದ್ದು ಏಕೆಂಬುದರಲ್ಲೂ ಉತ್ತರದ ಒಂದು ಪಾಲಿದೆ. ನನ್ನ ಸೋದರಳಿಯ ಗೆದ್ದ, ನಾನು ಒಪ್ಪುತ್ತೇನೆ. ಆದರೆ ಅವನು ಗೆದ್ದದ್ದು 2022ರಲ್ಲಿ. 2019ರಲ್ಲಿ ಅಲ್ಲ.

ಒಂದು ವಿಷಯ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹತ್ತು ಸ್ಯಾಕ್ ಗಳಿಸಿದ ಆ ಮೊದಲ ವರ್ಷ ಕ್ರಾಸ್ಬಿ ಕುಡಿತಕ್ಕೆ ಸಿಕ್ಕಿಬಿದ್ದಿದ್ದ. ಋತು ಮುಗಿದ ಮೇಲೆ, 2020ರ ಮಾರ್ಚಿನಲ್ಲಿ, ತಾನೇ ಹೋಗಿ ಚಿಕಿತ್ಸೆಗೆ ಸೇರಿದ. ಆಮೇಲೆ ಅದನ್ನು ಬಹಿರಂಗವಾಗಿ ಹೇಳಿಕೊಂಡ. 2025ರ ಮಾರ್ಚಿನಲ್ಲಿ ಅವನಿಗೆ ಮೂರು ವರ್ಷಕ್ಕೆ 10 ಕೋಟಿ 65 ಲಕ್ಷ ಡಾಲರುಗಳ ಕರಾರಾಯಿತು. ಫೆರೆಲ್ 2023ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡ ಸೇರಿ, ಓಟವನ್ನು ತಡೆಯುವ, ಹೆಸರು ಬಾರದ ಕೆಲಸವನ್ನು ನಿಷ್ಠೆಯಿಂದ ಮಾಡಿದ. ಇಂದಿಗೂ ಜನ ಅವನನ್ನು ‘ನಾಲ್ಕನೆಯ ಸರದಿಯವನು’ ಎಂದೇ ಹಳಿಯುತ್ತಾರೆ. ಆ ಸರದಿಯನ್ನು ಅವನೇನೂ ಕೇಳಿರಲಿಲ್ಲ. ಚೀಟಿಯಲ್ಲಿ ಅವನ ಹೆಸರು ಬರೆದವರು ಬೇರೆ.

ಸೋದರಳಿಯನ ಫೋನು ಈಗಲೂ ಬರುತ್ತದೆ. ಆದರೆ ಈಗ ಅವನು ಇಪ್ಪತ್ತೆರಡೂ ಮಂದಿ ಕಾಣುವ ಆ ಚಿತ್ರವನ್ನು ತರಿಸಿಕೊಂಡು, ಯಾರಾದರೊಬ್ಬ ಹೊಸ ಹುಡುಗನನ್ನು ಹಿಡಿದು, ಮೊದಲ ಎರಡು ಸೆಕೆಂಡು ಮಾತ್ರ ನೋಡಿ, ಹಾಳೆಯಲ್ಲಿ ಗೆರೆ ಎಳೆಯುತ್ತ ಕೂರುತ್ತಾನಂತೆ. ಕಳೆದ ಸಲ ಕಳಿಸಿದ ಹಾಳೆಯಲ್ಲಿ ಆರು ಕಲಮುಗಳಿದ್ದವು. ಸ್ಯಾಕ್ ಎಂಬುದು ಆರನೆಯದು.